ಪಾತ್ರೆಯೆಲ್ಲ ಬಂತು

ಕೆಂಗೇರಿ ಹತ್ತಿರ ಬರುತ್ತಿದ್ದಂತೆ ರೇಡಿಯೇಟರಿಗೆ ನೀರು ಬೇಕೆಂದು ಡ್ರೈವರ್ ಬೈರಯ್ಯ ಬಸ್ಸನ್ನು ಒಂದು ಬಾವಿಯ ಪಕ್ಕಕ್ಕೆ ಹಾಕಿ ಇಳಿದ. ಆಗಷ್ಟೇ ಬೆಳಕು ಹರಿಯುತ್ತಿತ್ತು. ಒಳಗಡೆ ವೆಂಕಟಗಿರಿರಾಯರು ಮಂಕಿಕ್ಯಾಪು ಕಳಚಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಹೆಡ್‌ಮಾಸ್ತರಿಕೆಯಿಂದ ನಿವೃತ್ತರಾಗಿ ಎಷ್ಟು ವರ್ಷವಾಗಿದ್ದರೇನು, ನಾಲ್ಕು ಜನ ಒಟ್ಟಿಗೆ ಕೂತಿದ್ದು ಕಂಡರೆ ಅವರ ನಾಲಿಗೆ ನವೆಯುತ್ತಿತ್ತು.

"ನೋಡಿ, ಇನ್ನೇನು ಮನೆ ಬಂತು. ಬಸ್ಸಿಂದ ಇಳೀತಿದ್ದ ಹಾಗೇ ರೋಡಿನೋರೆಲ್ಲ ಕೇಳೇ ಕೇಳ್ತಾರೆ. ಒಬ್ಬೊಬ್ಬರು ಒಂದೊಂದು ಹೇಳಿದ್ರೆ ಸಂಘದ ಮಾನ ಏನಾಗ್ಬೇಕು? ಏನ್ ಹೇಳೋದು ಅಂತ ಇಲ್ಲೇ ತೀರ್ಮಾನ ಆಗೋಗ್ಲಿ."

"ಅಲ್ಲಿ ಯಾರೋ ಪರಿಚಯದೋರು ಸಿಕ್ಕಿದ್ರು, ಒಂದ್ವಾರ ಇದ್ದು ಹೋಗಿ ಅಂತ ಬಲವಂತ ಮಾಡಿದ್ರು ಅನ್ನೋಣ" ಎಂದಿತು ಹಿಂದಿನ ಸೀಟಿನ ಒಂದು ಹೆಣ್ಣುದನಿ.

"ಚಳಿಗಾಳಿ ಮೈಗೆ ಒಳ್ಳೇದು ಅಂತ ಡಾಕ್ಟರೂ ಹೇಳಿದ್ರಂತೆ ಅಂತ ಸೇರಿಸಿ" ಎಂದರು ಇನ್ನೊಬ್ಬರು.

"ಏನಂತೀರಿ ಪದ್ಮನಾಭ? ನಿಮ್ಮ ಮನೆ ವಿಷಯ. ನಿಮಗೆ ಒಪ್ಪಿಗೇನಾ?"

ಮುಂದಿನ ಸೀಟಿನಲ್ಲಿ ಕೂತಿದ್ದ ಪದ್ಮನಾಭ ತಲೆ ಆಡಿಸಿದ. ಪಕ್ಕದಲ್ಲಿದ್ದ ಹೆಂಡತಿ ಅನಂತಲಕ್ಷ್ಮಿ ಕಿಟಕಿಯಾಚೆ ಏನೂ ಇಲ್ಲದ ಬಯಲನ್ನು ನೋಡುತ್ತಿದ್ದಳು. ಸಂಘದಲ್ಲಿ ಚರಂಡಿ ವಿಷಯಕ್ಕೂ ಮೂರು ಮೀಟಿಂಗು ಆಗುತ್ತಿದ್ದವು. ಇದೊಂದು ನಿರ್ಣಯ ಮಾತ್ರ ಚಕಾರವಿಲ್ಲದೆ ಪಾಸಾಯಿತು.

ಮುಚ್ಚಿಡಬೇಕಾಗಿದ್ದದ್ದು ಇಷ್ಟೇ: ಪದ್ಮನಾಭನ ಒಡಹುಟ್ಟಿದ ಅಕ್ಕ ತುಂಗಾಳನ್ನು ಅವರೆಲ್ಲ ಸೇರಿ ಮುನ್ನಾರಿನಲ್ಲಿ ಬಿಟ್ಟು ಬಂದಿದ್ದರು. ಜ್ವರ ಬಂದು ಮಲಗಿದ್ದಳು, ದಾರಿ ತಪ್ಪಿಸಿಕೊಂಡಳು ಎಂದೆಲ್ಲ ಹೇಳುವ ಹಾಗಿದ್ದರೆ ಎಷ್ಟೋ ವಾಸಿಯಿತ್ತು. ಅದೇನೂ ಅಲ್ಲ. ಹೋಟೆಲಿನಲ್ಲಿ ಕೊಡೆ ಮರೆತು ಬರುತ್ತಾರಲ್ಲ, ಹಾಗೆ ಮರೆತು ಬಂದಿದ್ದರು.

ರಾಜಾಜಿನಗರದ ಆ ಅಡ್ಡರಸ್ತೆಯ ಸಂಘಕ್ಕೆ ಪದ್ಮನಾಭ ಸೆಕ್ರೆಟರಿ. ಎಪ್ಪತ್ತೊಂಬತ್ತರ ಡಿಸೆಂಬರಿನಲ್ಲಿ ಪ್ರವಾಸ ಹೊರಡಿಸಿದ್ದೂ ಅವನೇ. ಊಟಿ, ಕೊಡೈಕೆನಾಲು ಎಲ್ಲರೂ ನೋಡಿಯಾಗಿತ್ತು. ಮುನ್ನಾರಿನ ಮೇಲಿನ ಬೆಟ್ಟಗಳನ್ನು ಹಿಂದಿನ ವರ್ಷವಷ್ಟೇ ಸರ್ಕಾರ ನ್ಯಾಷನಲ್ ಪಾರ್ಕ್ ಮಾಡಿದೆ, ಅಲ್ಲಿ ಮಾತ್ರ ಸಿಗುವ ಬೆಟ್ಟದ ಆಡುಗಳಿವೆ ಎಂದು ಅವನ ಫ್ಯಾಕ್ಟರಿಯ ಕೇರಳದ ಗೆಳೆಯನೊಬ್ಬ ಹೇಳಿದ್ದೇ ಪದ್ಮನಾಭನ ತಲೆಯಲ್ಲಿ ಕೂತುಬಿಟ್ಟಿತು. "ನಮ್ಮ ಬ್ಲಾಕಲ್ಲಿ ಯಾರೂ ನೋಡಿಲ್ಲ ಸಾರ್" ಎಂದು ಮನೆಮನೆಗೆ ಹೋಗಿ ಹೇಳಿದ. ಆ ಒಂದು ಮಾತು ಸಾಕಾಯಿತು, ಬಸ್ಸು ತುಂಬಿತು.

ಅಡುಗೆಯವನನ್ನು ಕರೆದುಕೊಂಡು ಹೋಗುವ ಮಾತು ಬಂದಾಗ "ನಮ್ಮಕ್ಕ ಇಲ್ವೇ!" ಎಂದವನೂ ಅವನೇ. ತುಂಗಾ ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ಅವಳ ಕೈ ಸಾರಿಗೆ ಇಡೀ ರಸ್ತೆಯೇ ಮೂಗರಳಿಸುತ್ತಿತ್ತು. ಮಡಿಯಲ್ಲೇ ಮಾಡುತ್ತಾಳೆ, ಹಾಗಾಗಿ ಯಾರಿಗೂ ಊಟದ ತಕರಾರಿರುವುದಿಲ್ಲ ಎಂದು ಎಲ್ಲರೂ ಖುಷಿಪಟ್ಟರು. ತುಂಗಾಳನ್ನು ಒಂದು ಮಾತು ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕೊಳಗ, ಕಡಾಯಿ, ಸೀಮೆಎಣ್ಣೆ ಸ್ಟವ್ವುಗಳ ಮಧ್ಯೆ ಅವಳಿಗೆ ಜಾಗವಾಯಿತು.

ಹೊರಡುವ ಮುಂಚೆ ಹಾಜರಿ ತೆಗೆದುಕೊಳ್ಳುವುದಕ್ಕೆ ಪದ್ಮನಾಭ ಒಂದು ಪದ್ಧತಿ ಮಾಡಿದ್ದ. ಸೀಟಿ ಊದಿ ಒಂದೊಂದು ಮನೆಯ ಹೆಸರು ಕೂಗುವುದು, ಆ ಮನೆಯವರು "ಬಂದ್ವೀ!" ಎನ್ನುವುದು. ಮಕ್ಕಳಿಗೆ ಅದೊಂದು ಆಟವಾಗಿತ್ತು. ಎಲ್ಲ ಮನೆಗಳೂ ಮುಗಿದ ಮೇಲೆ ಕೊನೆಯಲ್ಲಿ "ಪಾತ್ರೆ?" ಎಂದು ಕೂಗುತ್ತಿದ್ದ. ಹಿಂದಿನಿಂದ ತುಂಗಾ "ಬಂತೂ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಐದು ದಿನವೂ ಹೀಗೇ ನಡೆಯಿತು, ಅದರಲ್ಲೇನೂ ತಪ್ಪಿದೆಯೆಂದು ಯಾರಿಗೂ ಅನ್ನಿಸಲಿಲ್ಲ.

ಮುನ್ನಾರಿನಿಂದ ಹೊರಟ ಭಾನುವಾರ ಬೆಳಗಿನ ಜಾವ ಕೈಚಾಚಿದರೆ ಕೈ ಕಾಣದಷ್ಟು ಮಂಜು. ತಾವೆಲ್ಲ ಇಳಿದುಕೊಂಡಿದ್ದ ಛತ್ರದ ಹಿಂದಿನ ಮನೆಯಿಂದ ನೀರು ಕಾಯಿಸಲು ತಂದಿದ್ದ ಹಂಡೆಯನ್ನು ವಾಪಸು ಕೊಟ್ಟು ಬರಲು ತುಂಗಾ ಹೋಗಿದ್ದಳು. ಪಾತ್ರೆಗಳನ್ನು ಬೈರಯ್ಯನೇ ಏರಿಸಿದ್ದ. ಪದ್ಮನಾಭ ನಡುಗುತ್ತಾ ಸೀಟಿ ಊದಿದ, ಮನೆಗಳ ಹೆಸರು ಕೂಗಿದ, ಕಂಬಳಿಗಳೊಳಗಿಂದ "ಬಂದ್ವೀ" ಬಂದವು. "ಪಾತ್ರೆ?" ಎಂದ. "ಎಲ್ಲಾ ಬಂತು ಸಾರ್" ಎಂದ ಬೈರಯ್ಯ, ಗೇರು ಹಾಕಿದ.

ಗೊತ್ತಾಗಿದ್ದು ಘಾಟಿ ಇಳಿದು, ಮರೆಯೂರು ದಾಟಿ, ಉಡುಮಲಪೇಟೆಯ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ಬಸ್ಸು ನಿಂತಾಗ. ಎಲ್ಲರೂ ಕೈಕಾಲು ಮುಖ ತೊಳೆದು, ಲೋಟ ಹಿಡಿದುಕೊಂಡು ಮರದ ಕೆಳಗೆ ಸೇರಿದರು. "ಏನಿವತ್ತು ಇನ್ನೂ ಸ್ಟವ್ವಿನ ಸದ್ದೇ ಇಲ್ಲ?" ಎಂದರು ವೆಂಕಟಗಿರಿರಾಯರು. "ಪಾಪ, ನಿದ್ದೆ ಹತ್ತಿರಬೇಕು, ಎಬ್ಬಿಸ್ತೀನಿ ಇರಿ" ಎಂದು ಪದ್ಮನಾಭ ಒಳಗೆ ಹತ್ತಿದ. ಕಡೆಯ ಸೀಟಿನಲ್ಲಿ ಅವಳ ಹಾಸಿಗೆಯ ಸುರುಳಿಯಿತ್ತು. ಕೊಳಗ, ಕಡಾಯಿ, ಜಾಲರಿ, ಸೌಟುಗಳೆಲ್ಲ ಒಪ್ಪವಾಗಿ ಕೂತಿದ್ದವು.

ಅಲ್ಲಿಗೂ ಮುಗಿದಿದ್ದರೆ ಅದೊಂದು ಅಚಾತುರ್ಯ ಎನ್ನಬಹುದಿತ್ತು. ಮನುಷ್ಯ ಮರೆಯುತ್ತಾನೆ, ದೇವರೂ ಕ್ಷಮಿಸಿಯಾನು. ಆದರೆ ಪದ್ಮನಾಭನ ಎದೆಯಲ್ಲಿ ಮುಳ್ಳು ಮುರಿದುಕೊಂಡಿದ್ದು ಆಮೇಲಿನ ಹತ್ತು ನಿಮಿಷದಲ್ಲಿ. ಗಡಿ ದಾಟಲು ಬಸ್ಸಿನ ಪರ್ಮಿಟ್ಟು ಅಂದಿಗೇ ಮುಗಿಯುತ್ತಿತ್ತು, ವಾಪಸು ಘಾಟಿ ಹತ್ತುವ ಹಾಗಿರಲಿಲ್ಲ. ಆದರೆ ಎದುರಿಗೇ ಮುನ್ನಾರಿನ ಬಸ್ಸು ನಿಂತಿತ್ತು. ಕಂಡಕ್ಟರ್ "ಮೂನಾರ್, ಮೂನಾರ್" ಎಂದು ಕೂಗುತ್ತಿದ್ದ. ಅನಂತಲಕ್ಷ್ಮಿಯೇ ಹೇಳಿದಳು: "ನೀವು ಹತ್ಕೊಂಡು ಹೋಗ್ಬಿಡಿ. ಮಕ್ಕಳನ್ನ ನಾನು ಕರ್ಕೊಂಡು ಹೋಗ್ತೀನಿ."

ಅವನು ಹೋದ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟೂ ಇಟ್ಟ. ಇಟ್ಟವನಿಗೆ ಅಕ್ಕನ ಮುಖ ಕಣ್ಣಿಗೆ ಕಟ್ಟಿತು. ಅಲ್ಲಿ ಇಳಿದ ಕೂಡಲೆ ಅವಳು ನೋಡುತ್ತಾಳಲ್ಲ, ಆಗ ಏನನ್ನುವುದು? ಆಮೇಲೆ ಇಡೀ ದಾರಿ ಅಕ್ಕಪಕ್ಕ ಕೂತು ಬರಬೇಕಲ್ಲ, ಏನು ಮಾತಾಡುವುದು? ಬೆಟ್ಟದ ಮೇಲಿನ ಚಳಿ ಇಲ್ಲಿಗೇ ಬಂದು ಕಾಲಿಗೆ ಸುತ್ತಿಕೊಂಡ ಹಾಗಾಯಿತು. ಕಾಲು ತೆಗೆದ. ವಾಪಸು ಬಂದು, ಯಾರೂ ಕೇಳದಿದ್ದರೂ ಜೋರಾಗಿ ಹೇಳಿದ: "ನಾನು ಸೆಕ್ರೆಟರಿ. ಇಷ್ಟು ಸಂಸಾರಗಳನ್ನ ನಡುದಾರೀಲಿ ಬಿಟ್ಟು ಹೋಗಕ್ಕಾಗತ್ತೇನ್ರೀ?"

"ಅದೂ ನಿಜವೇ ಅನ್ನಿ" ಎಂದರು ವೆಂಕಟಗಿರಿರಾಯರು. ಜವಾಬ್ದಾರಿಯ ಮಾತು ಎಲ್ಲಿ ಕೇಳಿದರೂ ಅವರು ತಲೆದೂಗುತ್ತಿದ್ದರು.

ಮುನ್ನಾರಿನ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ತಂತಿ ಕಚೇರಿಯನ್ನು ಹುಡುಕಿ, ಭಾನುವಾರವಾದ್ದರಿಂದ ಬಾಗಿಲು ತಟ್ಟಿ ಎಬ್ಬಿಸಿ, ಛತ್ರದ ವಿಳಾಸಕ್ಕೆ ತಂತಿ ಕೊಟ್ಟ: ಅಲ್ಲೇ ಇರು, ಶನಿವಾರ ಬರುತ್ತೇನೆ. ಅನಂತಲಕ್ಷ್ಮಿ ಅವನನ್ನು ಒಂದು ಸಲ ನೋಡಿದಳು. ಆಮೇಲೆ ರಾಜಾಜಿನಗರದವರೆಗೂ ಅವನ ಜೊತೆ ಮಾತಾಡಲಿಲ್ಲ. ಬಸ್ಸಿನವರೆಲ್ಲ ಹೋಟೆಲಿನಲ್ಲಿ ಕಾಫಿ ಕುಡಿದರು. ಸಕ್ಕರೆ ಜಾಸ್ತಿಯಾಯಿತು ಎಂದು ಒಬ್ಬಿಬ್ಬರು ಗೊಣಗಿದರು ಕೂಡ.

ರಸ್ತೆಯಲ್ಲಿ ಇಳಿದಾಗ ಮೊದಲು ಸಿಕ್ಕವಳು ಪಕ್ಕದ ಮನೆಯ ಪುಟ್ಟಲಕ್ಷ್ಮಿ. ಅವಳ ಗಂಡನಿಗೆ ರಜ ಸಿಕ್ಕದೆ ಅವರು ಪ್ರವಾಸಕ್ಕೆ ಬಂದಿರಲಿಲ್ಲ. ರಂಗೋಲಿ ಡಬ್ಬಿ ಹಿಡಿದುಕೊಂಡೇ ಓಡಿ ಬಂದಳು.

"ಬಂದ್ರಾ! ಆಡು ಕಾಣಿಸ್ತಾ? ಎಲ್ಲಿ ತುಂಗಕ್ಕ?"

"ಅಲ್ಲಿ... ಪರಿಚಯದೋರು ಸಿಕ್ಕಿದ್ರು. ಒಂದ್ವಾರ ಇದ್ದು ಬರ್ತಾಳೆ. ಚಳಿಗಾಳಿ ಒಳ್ಳೇದಂತೆ" ಎಂದ ಪದ್ಮನಾಭ, ಪುಟ್ಟಲಕ್ಷ್ಮಿಯ ಕಾಲಬೆರಳು ನೋಡಿಕೊಂಡು.

"ಪುಣ್ಯಾತ್ಗಿತ್ತಿ! ಒಂದ್ ದಿನಾನಾದ್ರೂ ಆ ಒಲೆ ಬಿಟ್ಟು ಕೂತ್ಕೊಳ್ಳಲಿ ಬಿಡಿ" ಎಂದಳು ಪುಟ್ಟಲಕ್ಷ್ಮಿ. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಪದ್ಮನಾಭನಿಗೆ ಕೆನ್ನೆಗೆ ಬಾರಿಸಿದಂತಾಯಿತು.

ಆ ವಾರ ಬಸ್ಸಿನಲ್ಲಿ ಬಂದವರೆಲ್ಲ ಒಬ್ಬರ ಕಣ್ಣಿಗೊಬ್ಬರು ಬೀಳದಂತೆ ಓಡಾಡಿದರು. ಎಂದಿನ ಹಾಗಾಗಿದ್ದರೆ ಬಂದ ಮರುದಿನವೇ ಫೋಟೋ ತೊಳೆಸುವ ಮಾತು, ಉಳಿದ ಅಕ್ಕಿಬೇಳೆ ಹಂಚುವ ಮಾತು ನಡೆಯಬೇಕಾಗಿತ್ತು. ಯಾರೂ ಬಾಯಿ ಬಿಡಲಿಲ್ಲ. ವೆಂಕಟಗಿರಿರಾಯರು ಬೆಳಗಿನ ವಾಕಿಂಗನ್ನು ಕುರುಬರಹಳ್ಳಿಯ ರಾಗಿಹೊಲಗಳ ಕಡೆಗೆ ಬದಲಾಯಿಸಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನು ಒಬ್ಬನಾದರೆ ಸರಿ, ಇಲ್ಲಿ ಇಡೀ ರಸ್ತೆಯೇ ಹೆಗಲು ಒರೆಸಿಕೊಳ್ಳುತ್ತಿತ್ತು.

ಮನೆಯಲ್ಲಿ ಅನಂತಲಕ್ಷ್ಮಿ ಅಡುಗೆ ಮಾಡಿದಳು. ಕೆಟ್ಟದಾಗೇನೂ ಮಾಡುತ್ತಿರಲಿಲ್ಲ, ಆದರೆ ಯಾವ ಡಬ್ಬಿಯಲ್ಲಿ ಏನಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಮೆಂತ್ಯ ಹುಡುಕುತ್ತಾ ಒಂದು ಸಂಜೆ ಡಬ್ಬಿಗಳನ್ನೆಲ್ಲ ನೆಲಕ್ಕೆ ಇಳಿಸಿಕೊಂಡು ಕೂತುಬಿಟ್ಟಳು. "ನಾನೇನು ಈ ಮನೆ ಸೊಸೇನೋ ಇಲ್ಲ ದೊಡ್ಡ ಜಮೀನ್ದಾರಿಣೀನೋ?" ಎಂದು ತನ್ನಷ್ಟಕ್ಕೇ ಕೇಳಿಕೊಂಡಳು. ಪದ್ಮನಾಭ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಚಿಕ್ಕ ಮಗ ಕಿಟ್ಟಿ ಮಾತ್ರ ದಿನಾ ಕೇಳುತ್ತಿದ್ದ: "ಅಪ್ಪಾ, ಅತ್ತೆಗೆ ಅಲ್ಲಿ ಹಾಸಿಗೆ ಯಾರ್ ಕೊಟ್ರು?" ಅವಳ ಹಾಸಿಗೆ ಇಲ್ಲೇ ನಡುಮನೆಯ ಮೂಲೆಯಲ್ಲಿ ಸುತ್ತಿದಂತೆಯೇ ಇತ್ತು. ಅಷ್ಟು ಚಳಿಯಲ್ಲಿ ಅವಳು ಯಾರ ಮನೆಯ ಜಗುಲಿಯಲ್ಲಿ, ಏನು ಹೊದ್ದು ಮಲಗಿದಳೋ! ತಂತಿಗೆ ಉತ್ತರವಿಲ್ಲ. ತಂತಿ ತಲುಪಿತೋ ಇಲ್ಲವೋ ಅದೂ ತಿಳಿಯದು. ಒಂದು ಬಸ್ಸಿನ ಟಿಕೆಟ್ಟನ್ನೂ ತನ್ನ ಕೈಯಿಂದ ಕೊಂಡವಳಲ್ಲ ಅವಳು.

ಬುಧವಾರ ಫ್ಯಾಕ್ಟರಿಯಲ್ಲಿ ಶನಿವಾರಕ್ಕೆ ರಜ ಬರೆದುಕೊಟ್ಟ. "ಈಗ ತಾನೇ ಟೂರ್ ಹೋಗಿ ಬಂದ್ರಲ್ರೀ?" ಎಂದರು ಆಫೀಸರು. "ಅಕ್ಕನ್ನ ಕರ್ಕೊಂಡು ಬರ್ಬೇಕು ಸಾರ್" ಎಂದ. "ಎಲ್ಲಿಗೆ ಹೋಗಿದಾರೆ?" ಎಂದು ಅವರು ಸಹಜವಾಗಿ ಕೇಳಿದರು. ಅವಳು ಎಲ್ಲಿಗೂ ಹೋಗಿರಲಿಲ್ಲವಲ್ಲ, ಹೋಗಿದ್ದವರು ಇವರು.

ಗುರುವಾರ ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಉದ್ದನೆಯ ಸಾಲು. ಖಾಲಿ ಬಾಟಲಿಗಳ ಕಿಣಿಕಿಣಿ, ಚಳಿಗೆ ಹೊಗೆಯಾಡುವ ಬಾಯಿಗಳು. ದಿನಾ ತುಂಗಾ ನಿಲ್ಲುತ್ತಿದ್ದ ಸಾಲಿನಲ್ಲಿ ಈ ವಾರ ಪದ್ಮನಾಭ ನಿಲ್ಲುತ್ತಿದ್ದ. ಅವನ ಹಿಂದೆ ಪುಟ್ಟಲಕ್ಷ್ಮಿ. ಮುಂದೆ, ತಪ್ಪಿಸಿಕೊಳ್ಳಲಾಗದೆ, ವೆಂಕಟಗಿರಿರಾಯರು. ಬಾಟಲಿ ಕೈಗೆ ತೆಗೆದುಕೊಂಡು ತಿರುಗಿದವನಿಗೆ ನವರಂಗ್ ಟಾಕೀಸಿನ ಕಡೆಯ ತಿರುವಿನಿಂದ ಒಬ್ಬ ಹೆಂಗಸು ನಡೆದು ಬರುತ್ತಿರುವುದು ಕಂಡಿತು. ಸೀರೆಯ ಮೇಲೆ ಗಂಡಸರ ಖಾಕಿ ಸ್ವೆಟರು, ತೋಳುಗಳನ್ನು ಮಡಿಸಿ ಮೇಲೆ ಮಾಡಿದ್ದಳು. ಹೆಗಲಿಗೆ ಒಂದು ಬಟ್ಟೆಯ ಚೀಲ. ಯಾರೋ ಫಾರೆಸ್ಟಿನವರ ಪೈಕಿ ಇರಬೇಕು ಎಂದುಕೊಂಡ. ಹತ್ತಿರ ಬಂದಾಗಲೇ ಅಕ್ಕನೆಂದು ತಿಳಿದದ್ದು.

"ಅಯ್ಯೋ, ತುಂಗಕ್ಕ!" ಎಂದು ಪುಟ್ಟಲಕ್ಷ್ಮಿ ಸಾಲು ಬಿಟ್ಟು ಓಡಿದಳು. "ಇದೇನ್ರೀ ಇದು, ಪೊಲೀಸ್ ವೇಷ! ಏನ್ ಪರಿಚಯದೋರ ಮನೇಲಿ ಹಾಯಾಗಿದ್ದು ಬಂದ್ರಂತೆ? ಪದ್ಮನಾಭ ಅವರು ಎಲ್ಲಾ ಹೇಳಿದ್ರು. ಚಳಿಗಾಳಿ ಹಿಡಿಸ್ತಾ ಮೈಗೆ?"

ತುಂಗಾ ತಮ್ಮನ ಕಡೆ ನೋಡಿದಳು. ಅವನ ಎರಡೂ ಕೈಯಲ್ಲಿ ಹಾಲಿನ ಬಾಟಲಿಗಳು. ಮುಖ ಮುಚ್ಚಿಕೊಳ್ಳೋಣವೆಂದರೂ ಕೈ ಖಾಲಿಯಿರಲಿಲ್ಲ. ವೆಂಕಟಗಿರಿರಾಯರು ಬಾಟಲಿಯ ಮುಚ್ಚಳದ ಮೇಲೆ ಬರೆದಿದ್ದನ್ನು ಓದತೊಡಗಿದರು.

"ಹೂಂ ಕಣೇ ಪುಟ್ಟಲಕ್ಷ್ಮಿ" ಎಂದಳು ತುಂಗಾ. "ಬಹಳ ಒಳ್ಳೇ ಜನ. ಹೊರಡ್ತೀನಿ ಅಂದ್ರೂ ಬಿಡ್ಲಿಲ್ಲ. ಈ ಸ್ವೆಟರೂ ಅವರದ್ದೇ."

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು ಪದ್ಮನಾಭನಿಗೆ. ಅವಳು ಹಾದಿಬೀದಿಯಲ್ಲಿ ನಿಂತು ಶಾಪ ಹಾಕಿದ್ದರೆ ತಲೆ ಬಗ್ಗಿಸಿ ಕೇಳಬಹುದಿತ್ತು. "ಬಿಟ್ಟು ಬಂದ್ಯಲ್ಲೋ ಪಾಪಿ" ಎಂದಿದ್ದರೆ ಅಲ್ಲೇ ಕಾಲಿಗೆ ಬೀಳಬಹುದಿತ್ತು. ಅವಳು ಕಣ್ಣು ಮಿಟುಕಿಸುವುದರೊಳಗೆ ಅವನ ಸುಳ್ಳನ್ನು ಎತ್ತಿ ತನ್ನ ಸೆರಗಿನಲ್ಲಿ ಕಟ್ಟಿಕೊಂಡುಬಿಟ್ಟಳು. ಮನೆಯವರೆಗಿನ ದಾರಿಯಲ್ಲಿ ಅವನು "ಚೀಲ ಕೊಡಕ್ಕ" ಎಂದ. "ಭಾರ ಇಲ್ಲ ಬಿಡು" ಎಂದಳು.

ಬಾಗಿಲಲ್ಲಿ ಅವಳನ್ನು ಕಂಡು ಅನಂತಲಕ್ಷ್ಮಿ ಗೋಡೆಗೆ ಒರಗಿ ಅಳಲು ಶುರುಮಾಡಿದಳು. "ಅಳೋದ್ಯಾಕೇ? ಬಂದ್ನಲ್ಲ. ನೀರು ಕಾಯ್ತಿದ್ಯಾ?" ಎಂದು ಕೇಳಿ ತುಂಗಾ ಸೀದಾ ಬಚ್ಚಲಿಗೆ ಹೋದಳು. ಸ್ನಾನ ಮಾಡಿ ಬಂದು ನಡುಮನೆಯಲ್ಲಿ ಚೀಲವನ್ನು ಪಕ್ಕಕ್ಕಿಟ್ಟುಕೊಂಡು ಕೂತಳು. ಅಡುಗೆಮನೆಯ ಕಡೆ ಹೋಗಲಿಲ್ಲ. ಅನಂತಲಕ್ಷ್ಮಿ ಕಾಫಿ ತಂದುಕೊಟ್ಟಳು. ಕೂತಲ್ಲಿಗೇ ಕಾಫಿ ಬಂದದ್ದಕ್ಕೆ ತುಂಗಾಳಿಗೆ ಲೋಟ ಹಿಡಿಯುವುದು ಹೇಗೆಂದು ಒಂದು ಕ್ಷಣ ತಿಳಿಯದೆ ಹೋಯಿತು.

"ಅತ್ತೆ, ಒಬ್ಳೇ ಬಂದ್ಯಾ?" ಎಂದು ಕಿಟ್ಟಿ ತೊಡೆಗೆ ಅಂಟಿಕೊಂಡ.

"ಒಬ್ಳೇ ಎಲ್ಲಿ ಬಂತು? ಬಸ್ ತುಂಬ ಜನ ಇದ್ರು. ಕೊಯಮತ್ತೂರಲ್ಲಿ ಒಬ್ಬ ಪುಣ್ಯಾತ್ಮ ಬೆಂಗ್ಳೂರು ಬಸ್ಸು ತೋರಿಸಿ ಕೂರಿಸ್ದ. ನನಗೆ ತಮಿಳು ಬರಲ್ಲ, ಅವನಿಗೆ ಕನ್ನಡ ಬರಲ್ಲ. ಇಬ್ರೂ ಕೈಯಲ್ಲೇ ಮಾತಾಡಿದ್ವಿ."

"ಯಾರ ಮನೇಲಿದ್ದೆ?"

"ಹಂಡೆ ಕೊಟ್ಟಿದ್ಲಲ್ಲ ಪಾಪಮ್ಮ, ಅವರ ಮನೇಲಿ. ಕೊಳ್ಳೇಗಾಲದ ಕಡೆಯೋಳು, ಕನ್ನಡ ಮಾತಾಡ್ತಾಳೆ. ಟೀ ಎಸ್ಟೇಟಲ್ಲಿ ಎಲೆ ಕುಯ್ತಾಳೆ. ಗಂಡ ಪಾರ್ಕಿನ ಗೇಟಲ್ಲಿ ವಾಚರ್. ಬಸ್ಸಿಗೆ ದುಡ್ಡೂ ಅವರೇ ಕೊಟ್ರು. ಬೆಳಿಗ್ಗೆ ಸೈರನ್ ಕೂಗತ್ತೆ ನೋಡು, ಊರಿಗೆ ಊರೇ ಎದ್ದು ಬುಟ್ಟಿ ತಗೊಂಡು ಬೆಟ್ಟ ಹತ್ತತ್ತೆ. ಹತ್ತು ಗಂಟೆಗೆ ಬಜಾರಿಗೆ ಟೂರಿಸ್ಟ್ ಬಸ್ಸುಗಳು ಬರ್ತವೆ. ಇಳೀತಾರೆ, ಸ್ವೆಟರ್ ಕೊಳ್ತಾರೆ, ಪಾರ್ಕು ಎಲ್ಲಿ ಅಂತ ಕೇಳ್ತಾರೆ, ಹೋಗ್ತಾರೆ. ಆ ಊರನ್ನ ಯಾರೂ ನೋಡಲ್ಲ ಕಣೋ. ಬರೀ ದಾಟ್ಕೊಂಡು ಹೋಗ್ತಾರೆ."

"ಆಡು?"

ತುಂಗಾಳ ಮುಖ ಅರಳಿತು. ಪ್ರವಾಸದವರೆಲ್ಲ ಪಾರ್ಕಿಗೆ ಹೋದ ದಿನ ಅವಳು ಛತ್ರದಲ್ಲಿ ಎಲ್ಲರಿಗೂ ಪುಳಿಯೋಗರೆ ಕಲಸುತ್ತಾ ಉಳಿದಿದ್ದಳು. ಹೋದವರಿಗೆ ಮಂಜು ಬಿಟ್ಟು ಬೇರೇನೂ ಕಾಣದೆ, ಗೊಣಗಿಕೊಂಡು ಬಂದು ಪುಳಿಯೋಗರೆ ತಿಂದಿದ್ದರು.

"ಪಾಪಮ್ಮನ ಗಂಡ ಮಂಗಳವಾರ ಕರ್ಕೊಂಡು ಹೋದ. ಬಿಸಿಲು ಬಿದ್ದಿತ್ತು. ಬಂಡೆ ಮೇಲೆ ನಿಂತಿದ್ವು, ಮರಿಗಳ ಸಮೇತ. ನಮ್ಮ ಕಡೆ ಆಡಿಗಿಂತ ದಪ್ಪ, ಕೊಂಬು ಹಿಂದಕ್ಕೆ ಬಾಗಿರತ್ತೆ. ಒಂದು ನನ್ನ ಹತ್ರಕ್ಕೇ ಬಂದು ಸೆರಗು ಮೂಸಿತು. ಹುಣಿಸೆಹಣ್ಣಿನ ವಾಸನೆ ಇತ್ತೋ ಏನೋ." ಅವಳು ನಕ್ಕಳು. ಕಿಟ್ಟಿಯೂ ನಕ್ಕ. ಬಾಗಿಲಲ್ಲಿ ನಿಂತಿದ್ದ ಪದ್ಮನಾಭನಿಗೂ ನಗು ಬಂದಿತು, ಬಂದದ್ದಕ್ಕೆ ಹೇಸಿಗೆಯಾಯಿತು.

ಮಕ್ಕಳು ಸ್ಕೂಲಿಗೆ ಹೋದರು. ಪದ್ಮನಾಭ ಫ್ಯಾಕ್ಟರಿಗೆ ಹೊರಡಲಿಲ್ಲ. ಅಕ್ಕನ ಎದುರಿಗೆ ಕೂರಲೂ ಆಗದೆ, ಹೊರಗೆ ಹೋಗಲೂ ಆಗದೆ ಕಂಬ ಹಿಡಿದು ನಿಂತಿದ್ದ.

"ಪದ್ದು" ಎಂದಳು ತುಂಗಾ. "ಕೂತ್ಕೋ. ಒಂದು ಮಾತು ಕೇಳ್ಬೇಕು ಅನ್ಕೊಂಡಿದ್ದೆ. ನಾನಿಲ್ಲ ಅಂತ ನಿಮಗೆ ಎಲ್ಲಿ ಗೊತ್ತಾಯ್ತು?"

"ಸ್ವಲ್ಪ ದೂರ... ಘಾಟಿ ಇಳೀತಾ..."

ಅವಳು ಅವನನ್ನೇ ನೋಡಿದಳು. ಅಡುಗೆಮನೆಯಲ್ಲಿ ಅನಂತಲಕ್ಷ್ಮಿಯ ಪಾತ್ರೆ ಸದ್ದು ನಿಂತಿತು.

"ಉಡುಮಲಪೇಟೇಲಿ" ಎಂದ. "ಕಾಫಿ ಹೊತ್ತಿಗೆ."

ತುಂಗಾ ತಲೆ ಆಡಿಸಿದಳು. ಸಿಟ್ಟಾಗುತ್ತಾಳೆಂದು ಅವನು ಕಾದ. ಸಿಟ್ಟಾಗಲಿ ಎಂದು ಮನಸ್ಸಿನಲ್ಲೇ ದೇವರನ್ನು ಬೇಡಿಕೊಂಡ.

"ನಾನೂ ಅದೇ ಅನ್ಕೊಂಡಿದ್ದೆ" ಎಂದಳು. "ಹಂಡೆ ಇಟ್ಟು ಬರೋಷ್ಟ್ರಲ್ಲಿ ಬಸ್ಸಿಲ್ಲ. ಪಾಪಮ್ಮ ಎದೆ ಎದೆ ಬಡ್ಕೊಂಡ್ಳು. ನಾನೇ ಸಮಾಧಾನ ಹೇಳ್ದೆ. 'ಸುಮ್ನಿರೇ, ಕಾಫಿ ಹೊತ್ತಿಗೆ ಹೆಂಗೂ ಗೊತ್ತಾಗತ್ತೆ. ಅಲ್ಲಿಂದ ನಮ್ಮ ಪದ್ದು ಬಸ್ ಹತ್ತಿ ಬಂದ್ಬಿಡ್ತಾನೆ' ಅಂದೆ. ಬಜಾರಿಗೆ ಬಂದು ಬಸ್‌ಸ್ಟ್ಯಾಂಡಲ್ಲಿ ಕೂತೆ. ಮಧ್ಯಾಹ್ನ ಉಡುಮಲಪೇಟೆ ಬಸ್ ಬಂತು. ಎದ್ದು ನಿಂತೆ. ಒಬ್ಬೊಬ್ರಾಗಿ ಎಲ್ಲಾ ಇಳಿದ್ರು. ಕೊನೇಲಿ ಕಂಡಕ್ಟರೂ ಇಳ್ದ. ಈ ಬಸ್ ತಪ್ಪಿರ್ಬೇಕು ನಿನಗೆ ಅಂತ ಮತ್ತೆ ಕೂತೆ. ಸಂಜೆ ಬಸ್ಸಿಗೂ ನೋಡ್ದೆ. ಮಾರನೇ ದಿನಾನೂ ಹೋಗಿ ಕೂತಿದ್ದೆ, ಅಷ್ಟರಲ್ಲಿ ನಿನ್ನ ತಂತಿ ಬಂತು ಅಂತ ಪಾಪಮ್ಮನ ಗಂಡ ತಂದು ಓದ್ದ."

ಬಸ್ಸೇ ಇರಲಿಲ್ಲ ಎನ್ನಬಹುದಿತ್ತು. ಇದ್ದ ಬಸ್ಸು ಹೊರಟುಹೋಗಿತ್ತು ಎಂದರೂ ಅವಳು ನಂಬುತ್ತಿದ್ದಳು. ನಂಬದಿದ್ದರೂ ಹಾಲಿನ ಬೂತಿನ ಮುಂದೆ ಮಾಡಿದ ಹಾಗೆ ಅದನ್ನೂ ತನ್ನ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಅನಂತಲಕ್ಷ್ಮಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು, ಕೈಯಲ್ಲಿ ಒದ್ದೆ ಬಟ್ಟೆ.

"ಬಸ್ ಇತ್ತು ಅಕ್ಕ" ಎಂದ. "ಎದುರಿಗೇ ನಿಂತಿತ್ತು. ಇವಳು ಹೋಗಿ ಅಂದ್ಲು. ನಾನು ಹತ್ತಲಿಲ್ಲ. ನಿನ್ನ ಮುಖ ನೋಡೋಕೆ ನಾಚಿಕೆ ಆಯ್ತು."

ಹೊರಗೆ ಹಳೇ ಪೇಪರಿನವನು ಕೂಗಿಕೊಂಡು ಹೋದ. ಆ ಕೂಗು ತಿರುವಿನಲ್ಲಿ ಮರೆಯಾಯಿತು.

"ಹೌದಾ" ಎಂದಳು ತುಂಗಾ. "ನಾನು ನಿನ್ನ ಮುಖ ಕಂಡ್ರೆ ಸಾಕು ಅಂತ ಕೂತಿದ್ದೆ ಕಣೋ."

"ನಿದ್ದೆ ಬರ್ತಿದೆ. ಮಧ್ಯಾಹ್ನದ ಅಡುಗೆ ನೀನೇ ನೋಡ್ಕೋ ಅನಂತು" ಎಂದು ಅಲ್ಲೇ ಬರಿ ನೆಲದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಅನಂತಲಕ್ಷ್ಮಿ ಹೊದಿಕೆ ತರುವಷ್ಟರಲ್ಲಿ ನಿದ್ದೆ ಹೋಗಿಯಾಗಿತ್ತು.

ಪದ್ಮನಾಭ ಅಲ್ಲೇ ಕೂತ. ಅಕ್ಕ ಮಲಗಿದ್ದನ್ನು ಅವನು ನೋಡಿಯೇ ಇರಲಿಲ್ಲ. ಇಷ್ಟು ವರ್ಷವೂ ಮನೆಯವರೆಲ್ಲ ಮಲಗಿದ ಮೇಲೆ ಮಲಗುತ್ತಿದ್ದಳು, ಯಾರೂ ಏಳುವ ಮುಂಚೆ ಎದ್ದಿರುತ್ತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಅಂಗಾಲುಗಳು ಒಡೆದಿದ್ದವು. ಚೀಲವನ್ನು ತಲೆಗೆ ಇಟ್ಟುಕೊಂಡಿದ್ದಳು. ಅದರ ಹಿಡಿಯನ್ನು ಬಸ್‌ಸ್ಟ್ಯಾಂಡುಗಳಲ್ಲಿ ಮಲಗುವವರ ಹಾಗೆ ಮುಂಗೈಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು.

ಮುಂಗೈ ಕೆಂಪಗಾಗಿತ್ತು. ಪದ್ಮನಾಭ ಬಗ್ಗಿ, ಅವಳಿಗೆ ಎಚ್ಚರವಾಗದಂತೆ ಹಿಡಿಯನ್ನು ಬಿಡಿಸಲು ಹೋದ. ನಿದ್ದೆಯಲ್ಲೇ ತುಂಗಾಳ ಬೆರಳುಗಳು ಚೀಲವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡವು.